ನನ್ನ ಮದುವೆಗೆ ಬೇಕಾದ ನಿಮ್ಮ ಮಗನ ಕಾಗದ

ಅತ್ತೆ, ನಿಮ್ಮ ಸೊಸೆ ಸುಜಾತ ಬರೆಯುತ್ತಿದ್ದೇನೆ.

ಮೊದಲು ಜಗಳ ಮುಗಿಸಿಬಿಡುತ್ತೇನೆ, ಸುದ್ದಿ ಆಮೇಲೆ. ಪಶು ಆಸ್ಪತ್ರೆಯ ನಾಗರಾಜುವನ್ನು ಮದುವೆಯಾಗು ಅಂತ ನನ್ನ ಬೆನ್ನು ಬಿದ್ದವರು ನೀವು. ಆ ಮದುವೆ ಆಗದ ಹಾಗೆ ಎಂಟು ವರ್ಷದ ಹಿಂದೆಯೇ ಅಡ್ಡ ಹಾಕಿಟ್ಟವರೂ ನೀವೇ. ನೀವು ತೀರಿಕೊಂಡು ವರ್ಷವಾಗುತ್ತಾ ಬಂತು. ಈಗ ಹೋಗಿ ಯಾರ ಹತ್ತಿರ ಜಗಳವಾಡಲಿ?

ಆವತ್ತು ನಮ್ಮ ಹಸು ಕರು ಹಾಕಲಾರದೆ ಒದ್ದಾಡಿದ್ದು ನೆನಪಿದೆಯಾ? ಬೆಳಗ್ಗೆ ಬಂದ ನಾಗರಾಜು ಮಧ್ಯಾಹ್ನದವರೆಗೆ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಕರು ಎದ್ದು ನಿಂತ ಮೇಲೆ ನೀವು ಅವರನ್ನು ನಡುಮನೆಗೆ ಕರೆದು ಎಲೆ ಹಾಕಿ ಬಡಿಸಿದಿರಿ. ಅವರ ಮನೆಯವರು ಬುದ್ಧನನ್ನು ನಂಬುವವರು, ನಮ್ಮ ಪೈಕಿಯವರಲ್ಲ ಅಂತ ಬೀದಿಗೆಲ್ಲ ಗೊತ್ತಿತ್ತು. ನೀವು ಯಾರ ಮುಖವನ್ನೂ ನೋಡಲಿಲ್ಲ. ಅವರು ಹೋದ ಮೇಲೆ ಎಲೆ ಎತ್ತುತ್ತಾ, "ಲೇ ಸುಜಾತ, ಪಾಪ ಅವ್ನ ಹೆಂಡ್ತಿ ತೀರ್ಕೊಂಡು ಬಾಳ ದಿನ ಆಯ್ತಂತೆ. ನಾನು ಹೋದ್ಮೇಲೆ ನೀನೊಬ್ಳೇ ಇರ್ಬೇಡ ಕಣೇ" ಅಂದಿರಿ. ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಮಗ ಬದುಕಿದ್ದಾನೆ ಅನ್ನೋರೂ ನೀವೇ, ನನಗೆ ಇನ್ನೊಂದು ಮದುವೆ ಮಾಡ್ತೀನಿ ಅನ್ನೋರೂ ನೀವೇ" ಅಂದುಬಿಟ್ಟೆ. ನೀವು ಎಲೆ ತೆಗೆದುಕೊಂಡು ಹಿತ್ತಿಲಿಗೆ ಹೋದಿರಿ. ಹಾಗೆ ಅನ್ನಬಾರದಿತ್ತು ನಾನು.

ಎಂಟು ವರ್ಷದ ಹಿಂದೆ ನಿಮ್ಮ ಮಗ, ನನ್ನ ಗಂಡ, ತೋಟದಿಂದ ಬಂದವರು ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟರು. ಹದಿನೈದು ದಿನ ಕಳೆದಿರಬೇಕು, ಸಾವು ಬರೆದುಕೊಳ್ಳಲು ಗ್ರಾಮಲೆಕ್ಕಿಗರು ಬುಕ್ಕು ಹಿಡಿದು ಬಂದರು. ನೀವು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಿರಿ. "ಸತ್ತೋರು ಯಾರಪ್ಪ? ನನ್ನ ಮಗ ಮಹೇಶ ಶಿವನಿ ಸಂತೆಗೆ ಹೋಗಿದ್ದಾನೆ. ಬತ್ತಾನೆ" ಅಂದಿರಿ. ಎದುರುಮನೆ ಗಿರಿಜಕ್ಕ ಅಲ್ಲೇ ನಿಂತಿದ್ದಳು. ಅವಳ ಗಂಡನೇ ಗುಣಿ ತೋಡಿದ್ದು. ಆದರೂ ಅವಳು ಬಾಯಿ ಬಿಡಲಿಲ್ಲ. ಇಡೀ ಬೀದಿ ಬಾಯಿ ಬಿಡಲಿಲ್ಲ. ಆ ಮನುಷ್ಯ ಎಲ್ಲರ ಮುಖ ನೋಡಿ, ಬುಕ್ಕು ಮುಚ್ಚಿಕೊಂಡು ಹೋದ. ನಾನೂ ಬಾಗಿಲ ಹಿಂದೆ ನಿಂತು ಸುಮ್ಮನಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಹೆತ್ತ ಹೊಟ್ಟೆಯ ಎದುರು ಏನಂತ ಹೇಳುವುದು? ವಿಧವಾ ಪಿಂಚಣಿಗೆ ಅರ್ಜಿ ಹಾಕೋಣ ಅಂದಾಗಲೂ ನೀವು ಬಿಡಲಿಲ್ಲ. ಆಮೇಲೆ ನನಗೂ ಅದು ಮರೆತೇ ಹೋಯಿತು.

ನೆನಪಾದದ್ದು, ನೀವು ಹೋದ ಮೇಲೆ ನಾಗರಾಜುವಿಗೆ ಹೂಂ ಅಂದು, ಮದುವೆಯ ಅರ್ಜಿ ಕೊಡಲು ಕಡೂರಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದಾಗ. ನಾಗರಾಜುವಿಗೆ ಈಗ ಕಡೂರಿಗೆ ವರ್ಗವಾಗಿದೆ, ಮನೆಯೂ ಅಲ್ಲೇ, ಹಾಗಾಗಿ ಅರ್ಜಿ ಅಲ್ಲಿಯೇ. ಛತ್ರ, ವಾಲಗ ಏನೂ ಬೇಡ, ಕಾನೂನಿನ ಪ್ರಕಾರ ಆಗಿಬಿಡಲಿ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಅಲ್ಲಿ ಕೂತಿದ್ದ ಹೆಂಗಸು ಒಳ್ಳೆಯವಳು, ಬಿಡಿಸಿ ಹೇಳಿದಳು. ಇಬ್ಬರ ವಯಸ್ಸಿಗೂ ವಿಳಾಸಕ್ಕೂ ದಾಖಲೆ ಬೇಕು, ಫೋಟೊ ಬೇಕು. ನೋಟಿಸನ್ನು ಬೋರ್ಡಿಗೆ ಹಾಕುತ್ತಾರೆ, ಮೂವತ್ತು ದಿನದೊಳಗೆ ತಕರಾರು ಬರದಿದ್ದರೆ ಮೂವರು ಸಾಕ್ಷಿಗಳನ್ನು ಕರೆದುಕೊಂಡು ಹೋಗಬೇಕು. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ, "ಇಬ್ರಿಗೂ ಎರಡನೇದಲ್ವ? ತೀರ್ಕೊಂಡೋರ ಮರಣ ಪ್ರಮಾಣಪತ್ರ ಕೊಡಿ" ಅಂದಳು. ನಾಗರಾಜು ಹೆಂಡತಿಯದ್ದನ್ನು ಫೈಲಿನಿಂದ ತೆಗೆದು ಇಟ್ಟರು. ಪುಣ್ಯಾತ್ಮ, ಲ್ಯಾಮಿನೇಶನ್ ಬೇರೆ ಮಾಡಿಸಿದ್ದಾರೆ. ನಮ್ಮವರದ್ದು ಮಾಡಿಸೇ ಇಲ್ಲ ಅಂದೆ ನಾನು.

"ಹಂಗಾದ್ರೆ ಕಾಗದದ ಮೇಲೆ ನಿಮ್ಮ ಯಜಮಾನ್ರು ಇನ್ನೂ ಇದ್ದಾರಮ್ಮ" ಅಂದಳು ಆ ಹೆಂಗಸು. "ಗಂಡ ಇರೋರ ಅರ್ಜಿ ನಾನು ಹೆಂಗೆ ತಗಳ್ಳಲಿ?"

ನನಗೆ ನಗು ಬಂತು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಳು ಬಂತು. ಎಂಟು ವರ್ಷ ಒಂಟಿಯಾಗಿ ಬದುಕಿದ್ದು ನಾನು, ಕಾಗದದಲ್ಲಿ ಮುತ್ತೈದೆಯೂ ನಾನೇ. ಆ ಒಂದು ಕಾಗದ ಆಗದಿದ್ದರೆ ಈ ಮದುವೆ ಯಾವತ್ತಿಗೂ ಇಲ್ಲ. "ನೀವು ಬೇರೆ ಯಾರನ್ನಾದ್ರೂ ನೋಡ್ಕಳ್ಳಿ" ಅಂದೆ ನಾಗರಾಜುವಿಗೆ. ಅವರು ಹೆದರುವ ಆಳಲ್ಲ. "ಹಸು ಕರು ಹಾಕೋಕೆ ತಡ ಆದ್ರೆ ಬಿಟ್ಟು ಹೋಗ್ತಾರೇನ್ರೀ? ನಡೀರಿ" ಅಂದರು. ಮದುವೆಯಾಗುವ ಹೆಣ್ಣಿಗೆ ಹೇಳುವ ಮಾತಾ ಅದು?

ವರ್ಷ ದಾಟಿದ ಸಾವನ್ನು ಬರೆಸಬೇಕಾದರೆ ತರೀಕೆರೆಯ ಎ.ಸಿ. ಆಫೀಸಿನಿಂದ ಆದೇಶವಾಗಬೇಕಂತೆ. ಅದಕ್ಕೆ ಮೊದಲು ಊರಿನವರು ಹೇಳಿಕೆ ಕೊಡಬೇಕು. ನನಗೆ ಅದೇ ಭಯ. ನಿಮ್ಮ ಎದುರು ಏಳು ವರ್ಷ "ಮಹೇಶ ಯಾವಾಗ ಬತ್ತಾನೆ ಅವ್ವ?" ಅಂತ ಕೇಳಿಕೊಂಡು ಬಂದ ಬೀದಿ ಅದು. ಈಗ ನಾನು ನಾಗರಾಜುವನ್ನು ಮದುವೆಯಾಗಲಿ ಅಂತ ಆ ಮಾತು ಬದಲಿಸುತ್ತಾರಾ? ಗ್ರಾಮ ಆಡಳಿತಾಧಿಕಾರಿ ಬಂದು ಜಗಲಿಯ ಮೇಲೆ ಕೂತರು. ಎಲ್ಲರೂ ನೆಲ ನೋಡುತ್ತಾ ನಿಂತರು. ಕೊನೆಗೆ ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. "ಸತ್ತಿದ್ದು ನಿಜ ಕಣ್ರೀ. ಗುಣಿ ತೋಡಿದ್ದು ನಮ್ಮೆಜಮಾನ್ರು. ಆವತ್ತು ಹೆತ್ತ ತಾಯಿ ಪುಟ್ಟಮ್ಮನ ಸಂಕಟ ನೋಡಕ್ಕಾಗ್ದೆ ಸುಮ್ನಿದ್ವಿ. ಇವತ್ತು ಈ ಹುಡುಗಿಗೋಸ್ಕರ ಹೇಳ್ತಿದೀವಿ, ಬರ್ಕಳಿ" ಅಂದಳು. ಅವಳ ಹಿಂದೆ ಒಬ್ಬೊಬ್ಬರೇ ಸಹಿ ಹಾಕಿದರು. ನಾಗರಾಜುವನ್ನು ಕಂಡರಾಗದವರೂ ಹಾಕಿದರು.

ಅಜ್ಜಂಪುರದಲ್ಲಿ ಅಫಿಡವಿಟ್ ಟೈಪು ಮಾಡಿಸಲು ಹೋದಾಗ ಇನ್ನೊಂದು ತಕರಾರು, ಅದು ನನ್ನದೇ. ಟೈಪಿಸ್ಟು ಯಾರಿಗೂ ಬರೆಯುವ ಹಾಗೆ "ತಿಳುವಳಿಕೆ ಇಲ್ಲದೆ ನೋಂದಾಯಿಸಿರುವುದಿಲ್ಲ" ಅಂತ ಹೊಡೆದಿದ್ದ. ನಾನು ಬೇಡ ಅಂದೆ. ನಿಮಗೆ ತಿಳುವಳಿಕೆ ಇರಲಿಲ್ಲವಾ? ಊರಿಗೆ ಬುದ್ಧಿ ಹೇಳುತ್ತಿದ್ದವರು ನೀವು. "ತಾಯಿಗೆ ಮಗನ ಸಾವನ್ನು ಒಪ್ಪಿಕೊಳ್ಳಲು ಆಗದ ಕಾರಣ ಅಂತ ಹೊಡೀರಿ" ಅಂದೆ. "ಹಂಗೆಲ್ಲ ಬರೆಯಲ್ಲಮ್ಮ, ವಾಪಸ್ ಕಳಿಸ್ತಾರೆ" ಅಂದ. ನಾಗರಾಜು ಕೂಡ ನನ್ನ ಮುಖ ನೋಡಿದರು. ನಾನು ಜಗ್ಗಲಿಲ್ಲ. ಹೊಡೆಸಿಯೇ ಎದ್ದದ್ದು.

ತರೀಕೆರೆಯಲ್ಲಿ ಎ.ಸಿ. ಮೇಡಂ ಓದುತ್ತಾ ಆ ಸಾಲಿಗೆ ಬಂದು ನಿಂತುಬಿಟ್ಟರು. ಹಟ ಮಾಡಿ ಎಲ್ಲ ಕೆಡಿಸಿಕೊಂಡೆನಾ... "ತಾಯಿ ಇದ್ದಾರಾ?" ಅಂತ ಕೇಳಿದರು. "ಇಲ್ಲ ಮೇಡಂ, ಹೋದ ವರ್ಷ ತೀರ್ಕೊಂಡ್ರು" ಅಂದೆ. ಅದೊಂದು ಸಾಲು ಇನ್ನೊಮ್ಮೆ ಓದಿ ಸಹಿ ಮಾಡಿದರು.

ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ಹಿಡಿದುಕೊಂಡು ನಿಮ್ಮ ಜಾಗದಲ್ಲೇ, ಜಗಲಿಯ ಮೇಲೆ ಕೂತೆ. ತಾಯಿಯ ಹೆಸರು ಅನ್ನುವ ಕಡೆ ಪುಟ್ಟಮ್ಮ ಅಂತ ಇತ್ತು. ಅಲ್ಲಿಗೆ ನನ್ನ ಸಿಟ್ಟು ಮುಗಿಯಿತು ಅತ್ತೆ. ನಿಜ ಹೇಳಬೇಕೆಂದರೆ ನನಗಿಂತ ಹೆಚ್ಚು ಅವರನ್ನು ಬದುಕಿಸಿಕೊಂಡವರು ನೀವೇ.

ಈಗ ಸುದ್ದಿ. ನೋಟಿಸು ಮೂವತ್ತು ದಿನ ಕಡೂರಿನ ಬೋರ್ಡಿನಲ್ಲಿತ್ತು. ನಾಗರಾಜು ದಿನಾ ಡ್ಯೂಟಿಗೆ ಹೋಗುವಾಗ ಇಣುಕಿ ನೋಡಿ, "ಇನ್ನೂ ಇದೆ" ಅಂತ ಫೋನು ಮಾಡುತ್ತಿದ್ದರು, ಯಾರೋ ಕದ್ದುಕೊಂಡು ಹೋಗುತ್ತಾರೆ ಅನ್ನುವ ಹಾಗೆ. ಒಂದು ತಕರಾರೂ ಬರಲಿಲ್ಲ. ಹೋದ ಸೋಮವಾರ ಅವರ ಅಕ್ಕ, ಭಾವ, ಗಿರಿಜಕ್ಕ ಮೂವರೂ ಸಾಕ್ಷಿ ಹಾಕಿದರು. ನಾನು ಹಸಿರು ಸೀರೆ ಉಟ್ಟಿದ್ದೆ. ಮದುವೆ ಆಯಿತು ಅತ್ತೆ. ಸಂತೋಷವಾಗಿದ್ದೇನೆ.

ಇನ್ನೊಂದು ಮಾತಿದೆ. ನೀವಿರುವವರೆಗೆ ಹಿರಿಯರ ಹಬ್ಬದಲ್ಲಿ ಮಾವನವರಿಗೆ ಮಾತ್ರ ಎಡೆ ಇಡುತ್ತಿದ್ದಿರಿ. ನಿಮ್ಮ ಮಗನಿಗೂ ಇಡೋಣ ಅಂದರೆ ಮಾಡಿದ ಅಡಿಗೆ ಬಿಟ್ಟು ಎದ್ದು ಹೋಗುತ್ತಿದ್ದಿರಿ. ಎಂಟು ವರ್ಷ ಅವರಿಗೆ ಒಂದು ತುತ್ತು ಬಡಿಸಿಲ್ಲ ನಾವು. ಈ ಸಲ ಬಡಿಸುತ್ತೇನೆ ಅಂತ ನಾಗರಾಜುವಿಗೆ ಹೇಳಿದೆ. "ನಮ್ಮನೇಲಿ ಎಡೆ ಇಡೋ ಪದ್ಧತಿ ಇಲ್ಲ" ಅಂದರು. ಆಮೇಲೆ, "ಅವ್ರಿಗೆ ಏನು ಇಷ್ಟ ಇತ್ತು?" ಅಂತ ಕೇಳಿದರು. ಒಬ್ಬಟ್ಟು, ಅದಕ್ಕೆ ತುಪ್ಪ ಬೇಡ, ಕಾಯಿಹಾಲೇ ಆಗಬೇಕು ಅಂದೆ. ಕಾಯಿ ತಾವೇ ತುರಿದು ಕೊಡುತ್ತಾರಂತೆ.

ನಿಮ್ಮ ಎಲೆಯ ಪಕ್ಕದಲ್ಲೇ ಮಹೇಶನ ಎಲೆ ಹಾಕುತ್ತೇನೆ. ಅಮ್ಮ ಮಗ ಇಬ್ಬರೂ ಒಟ್ಟಿಗೆ ಬಂದು ಉಂಡು ಹೋಗಿ.

ನಿಮ್ಮ ಸೊಸೆ
ಸುಜಾತ