ಪಾರ್ಕಿಂಗ್ ಕೆಳಗಿನ ನೀರು

ಅಕ್ಟೋಬರ್ 18, ಶನಿವಾರ

ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಸದ್ದು ಸರಿಯಾಗಿದೆ. ನೀರು ತಿಳಿ. ವಾಸನೆ ಇಲ್ಲ. ಸ್ಯಾಟಲೈಟ್ ಬಡಾವಣೆಯ ಈ ಸೊಸೈಟಿಯ ಅರುವತ್ತು ಮನೆಗಳ ಕಕ್ಕಸು, ಬಚ್ಚಲಿನ ನೀರೆಲ್ಲ ಪಾರ್ಕಿಂಗ್ ಕೆಳಗಿನ ಪ್ಲಾಂಟಿಗೆ ಬಂದು, ಶುದ್ಧವಾಗಿ ಗಾರ್ಡನ್ನಿಗೆ ಹೋಗುತ್ತದೆ. ಸೆಕ್ರೆಟರಿಯಾದ ವರ್ಷ ನಾನೇ ಹಟ ಹಿಡಿದು ಮಾಡಿಸಿದ್ದು. 26ರ ಭಾನುವಾರ ವೋಟು — ಪ್ಲಾಂಟ್ ಇಟ್ಟುಕೊಳ್ಳುವುದಾ, ಮುಚ್ಚುವುದಾ. ಚೇರ್ಮನ್ ಯಶವಂತಭಾಯ್‌ಗೆ ಮುಚ್ಚಿದರೆ ಸಾಕು. ಕೊಳಕು ನೀರು ಯಾವತ್ತಿದ್ದರೂ ಕೊಳಕೇ ಅಂತೆ.

ಅಕ್ಟೋಬರ್ 22

ಗುಜರಾತಿಗಳ ಹೊಸ ವರ್ಷ. ಸೊಸೈಟಿ ಖಾಲಿ. ಆಬು, ಗೋವಾ, ಊರು... ಪ್ಲಾಂಟಿನ ಆಪರೇಟರ್ ಆಕಾಶನಿಗೂ ರಜೆ. ಕೊಳಕು ನೀರೇ ಬರದಿದ್ದರೆ ಟ್ಯಾಂಕಿನ ಬ್ಯಾಕ್ಟೀರಿಯಾ ತಿನ್ನುವುದೇನು? ಅವು ಸತ್ತರೆ ಎಲ್ಲರೂ ವಾಪಸ್ ಬಂದ ದಿನ ನಾತ. ಸರಿಯಾಗಿ ಮೀಟಿಂಗ್ ದಿನ! ಆಕಾಶನಿಗೆ ಫೋನ್ ಮಾಡಿದೆ. "ಬೆಲ್ಲ ಕರಗಿಸಿ ಹಾಕಿ ಆಂಟಿ. ಗಂಜಿ ಆದ್ರೂ ನಡೆಯುತ್ತೆ."

ಗಂಜಿಗೇನು ಬರ? ನಮ್ಮ ಹೋಟೆಲಿನಲ್ಲಿ ದಿನಾ ಬಸಿದು ಚೆಲ್ಲುತ್ತಾರೆ. ಇವರಿಗೆ ಹೇಳಿದೆ.

"ಅಲ್ಲ ಮಾರಾಯ್ತಿ, ಉಡುಪಿಯಿಂದ ಇಲ್ಲಿಗೆ ಬಂದು ಹೋಟ್ಲು ಹಾಕಿದ್ದು ಕಕ್ಕಸಿನ ಹುಳಕ್ಕೆ ಊಟ ಹಾಕ್ಲಿಕ್ಕಾ?"

ಸಂಜೆ ಸ್ಕೂಟರಿನಲ್ಲಿ ಎರಡು ಕ್ಯಾನ್ ಬಂತು.

ಅಕ್ಟೋಬರ್ 24

ನಿನ್ನೆ ಜಾಸ್ತಿ ಸುರಿದುಬಿಟ್ಟೆ. ಇವತ್ತು ನೊರೆಯೋ ನೊರೆ, ಹುಳಿ ವಾಸನೆ.  ಫೋನಿನಲ್ಲಿ ಆಕಾಶ ನಕ್ಕ. "ನೆಂಟರಿಗೆ ಬಡಿಸಿದ ಹಾಗೆ ಬಡಿಸಬೇಡಿ." ಇಡೀ ದಿನ ಬ್ಲೋವರ್ ಓಡಿಸಿದೆ. ಊಟ ಬಂದ್.

ಅಕ್ಟೋಬರ್ 26, ಭಾನುವಾರ

ಲಾಭ ಪಂಚಮಿ, ರಜೆ ಮುಗಿದು ಅಂಗಡಿಗಳು ತೆರೆಯುವ ದಿನ. ಎಲ್ಲರೂ ಬಂದಾಯಿತು. ಬೆಳಿಗ್ಗೆ ಪೈಪುಗಳಲ್ಲಿ ದಬದಬ ಸದ್ದು. ಬೇರೆಯವರ ಕಕ್ಕಸಿನ ನೀರಿಗೆ ಇಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ನೊರೆ ಹೋಗಿದೆ, ನೀರು ತಿಳಿಯಾಗಿದೆ. ಗಾಜಿನ ಲೋಟದಲ್ಲಿ ಮೀಟಿಂಗಿಗೆ ಒಯ್ದೆ. ಮೂಸಿದರು, ತಲೆದೂಗಿದರು. ಗೆದ್ದೆ ಅಂದುಕೊಂಡೆ.

ಆಗ ಯಶವಂತಭಾಯ್, ಮೆತ್ತಗೆ — "ರುಕ್ಮಿಣಿಬೆನ್, ಈ ನೀರು ನಿಮ್ಮ ಮನೆ ತುಳಸಿಗೆ ಹಾಕ್ತೀರಾ?"

ಸುಳ್ಳು ಹೇಳಲಾಗಲಿಲ್ಲ. "ಇಲ್ಲ" ಅಂದೆ.

ವೋಟು ಮುಂದಿನ ಭಾನುವಾರಕ್ಕೆ ಹೋಯಿತು. ನಾಚಿಕೆ. ಸಿಟ್ಟೂ ಬಂದಿದೆ. ಅವರ ಮೇಲಲ್ಲ. ಅರುವತ್ತು ಮನೆಗೆ ಉಪದೇಶ ಮಾಡಿದವಳು ನಾನು.

ನವೆಂಬರ್ 2, ಸಂಜೆ

ತುಳಸಿ ಪೂಜೆ. ಬಾಲ್ಕನಿಯ ಕುಂಡದಲ್ಲಿ ನೆಲ್ಲಿ ಕೊಂಬೆ ನೆಟ್ಟು, ದೀಪ ಇಟ್ಟೆ. ಚೊಂಬಿನಲ್ಲಿ ಪ್ಲಾಂಟಿನ ನೀರು. ಇವರು ಮಂತ್ರ ಹೇಳುತ್ತ ಚೊಂಬು ಎತ್ತಿಕೊಂಡಾಗ ತಡೆಯಲಾಗಲಿಲ್ಲ, ಯಾವ ನೀರೆಂದು ಹೇಳಿಬಿಟ್ಟೆ. ಮಂತ್ರ ನಿಂತಿತು.

"ನಿಂಗೆ ಧೈರ್ಯ ಉಂಟಾ?"

"ಇಲ್ಲ ಮಾರಾಯ್ರೆ. ಹೆದರಿಕೆ ಆಗ್ತದೆ."

 ಚೊಂಬನ್ನು ನನ್ನ ಕೈಗೆ ಕೊಟ್ಟು, ಅದರ ಅಡಿಗೆ ತಮ್ಮ ಕೈಯನ್ನೂ ಕೊಟ್ಟರು. "ಹಾಕು. ಪಾಪ ಬಂದ್ರೆ ಇಬ್ರಿಗೂ ಅರ್ಧರ್ಧ."

ಹಾಕಿದೆವು. ಕಣ್ಣು ತುಂಬಿ ಬಂತು. ಇನ್ನು ಮೀಟಿಂಗಿಗೆ ಹೊರಡಬೇಕು.

ನವೆಂಬರ್ 3

ಪ್ಲಾಂಟ್ ಉಳಿಯಿತು!

ನಿನ್ನೆ ಮೀಟಿಂಗಿನಲ್ಲಿ ಯಾರೂ ಕೇಳುವ ಮೊದಲೇ ಎದ್ದು ಹೇಳಿದೆ — ತುಳಸಿಗೆ ಹಾಕಿದೆವು ಅಂತ. ಎರಡನೇ ಮಹಡಿಯ ಪೂರ್ವಿಯ ಅತ್ತೆ "ರಾಮ ರಾಮ" ಅನ್ನುತ್ತ ಎದ್ದೇ ಹೋದರು. ಉಳಿದವರಲ್ಲಿ ಹೆಚ್ಚಿನವರು ಕೈ ಎತ್ತಿದರು. ಯಶವಂತಭಾಯ್ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಪ್ಲಾಂಟಿನ ನಲ್ಲಿಯ ಹತ್ತಿರ ಯಾರೋ ಬಗ್ಗಿದ್ದರು. ನೋಡಿದರೆ ಯಶವಂತಭಾಯ್. ಕೈಯಲ್ಲಿ ತಾಮ್ರದ ಲೋಟಾ. ನನ್ನನ್ನು ಕಂಡು ತಡವರಿಸಿದರು.

"ಗುಲಾಬಿಗೆ" ಅಂದರು.

ತಲೆಯಾಡಿಸಿದೆ.  ಅವರ ಬಾಲ್ಕನಿ ನಮ್ಮ ಅಡಿಗೆಮನೆಯ ಎದುರಿಗೇ. ದಿನಾ ನೋಡುತ್ತೇನೆ. ಅಲ್ಲಿ ಗುಲಾಬಿ ಎಲ್ಲಿದೆ? ಇರುವುದು ಒಂದೇ ಕುಂಡ, ಅದರಲ್ಲಿ—