ಏಳು ಭಾನುವಾರದ ಆಲೂಗಡ್ಡೆ

ಫೆಬ್ರವರಿ 9, ಭಾನುವಾರ

ಎಂಟು ಆಲೂಗಡ್ಡೆ ಸುಲಿದೆ. ಸಿಪ್ಪೆ ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುವಷ್ಟು. ಎರಡು ಹಸಿರಿಗೆ ತಿರುಗಿದ್ದವು. ತರಕಾರಿಯವನಿಗೆ ನಾಳೆ ಇದೆ. ಕಣ್ಣು ತೆಗೆದು, ಒಂದೇ ಅಳತೆಗೆ ಹೆಚ್ಚಿ, ತಣ್ಣೀರಿನಲ್ಲೇ ಒಲೆಗಿಟ್ಟೆ. ಸೊಸೆ ಕುದಿಯುವ ನೀರಿಗೆ ಹಾಕುತ್ತಾಳೆ. ಮೇಲೆಲ್ಲ ಕರಗಿ ಒಳಗೆ ಗಟ್ಟಿ. ಹೇಳಿ ಹೇಳಿ ಸಾಕಾಯಿತು. ಅದಕ್ಕೇ ವಾರದ ಆರು ದಿನ ಅಡುಗೆ ಅವಳದು, ಭಾನುವಾರದ ಈ ಪಾತ್ರೆ ನನ್ನದು.

ನೀರು ಬಸಿದು, ಹಬೆ ಆರುವವರೆಗೆ ಬಿಸಿ ಪಾತ್ರೆಯಲ್ಲೇ ಅಲ್ಲಾಡಿಸಿ, ಆಮೇಲೆ ಹಿಸುಕಿದೆ. ಬೆಣ್ಣೆ, ಬಿಸಿ ಹಾಲು, ಕಾಳುಮೆಣಸಿನ ಪುಡಿ. ಉಪ್ಪು ಮೂರು ಸಲ ಹಾಕಬೇಕಾಯಿತು. ಈ ಹೊಸ ಪ್ಯಾಕೆಟ್ಟಿನ ಉಪ್ಪಿಗೆ ಸತ್ವವೇ ಇಲ್ಲ. ಹಾಲಿನವನೂ ನೀರು ಬೆರೆಸುತ್ತಿದ್ದಾನೆ. ಜನವರಿಯಲ್ಲಿ ಜ್ವರ ಬಿಟ್ಟು ಎದ್ದಾಗಿನಿಂದ ನೋಡುತ್ತಿದ್ದೇನೆ, ಯಾವುದೂ ಮೊದಲಿನಂತಿಲ್ಲ.

ಮುಚ್ಚಿಟ್ಟು ಸ್ನಾನಕ್ಕೆ ಹೋದೆ. ಊಟದಲ್ಲಿ ಮಗ ಎರಡು ಸಲ ಹಾಕಿಸಿಕೊಂಡ. "ಅಮ್ಮಾ, ನಿನ್ನ ಕೈಗೆ ನಿನ್ನ ಕೈನೇ ಸಾಟಿ." ಪಾತ್ರೆ ಬಳಿದು ಖಾಲಿ ಮಾಡಿದರು. ಸಂತೋಷವಾಯಿತು. ತೋರಿಸಲಿಲ್ಲ.

ಅದೇ ದಿನ, ಸಂಜೆ 5

ಸೊಸೆಗೆ ಬೆನ್ನುನೋವು. ಕಸ ಹಾಕಲು ನಾನೇ ಇಳಿದೆ. ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ಒಂದು ಪೇಪರ್ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು. ಒಳಗೆ ಹಿಸುಕಿದ ಆಲೂಗಡ್ಡೆ. ಕಾಳುಮೆಣಸು ಸಮೇತ. ನನ್ನದೇ. ಪೇಪರಿನಲ್ಲಿ ಅರ್ಧ ತುಂಬಿಸಿದ ಪದಬಂಧ — ಅಕ್ಷರ ಇವರದು. ಪಕ್ಕದಲ್ಲಿ ಸಿಪ್ಪೆಯ ರಾಶಿ. ರೊಟ್ಟಿಯಷ್ಟು ದಪ್ಪ. ಯಾರೋ ಕೈಬಾರದವರು ಸುಲಿದದ್ದು.

ನಾನು ಮಾಡಿದ್ದು ಇಲ್ಲಿದ್ದರೆ, ಮಧ್ಯಾಹ್ನ ಅವರು ಬಳಿದು ತಿಂದದ್ದು ಏನು?

ಕೇಳುವುದಿಲ್ಲ. ಕೇಳಿದರೆ ಕಥೆ ಕಟ್ಟುತ್ತಾರೆ.

ಫೆಬ್ರವರಿ 16, ಭಾನುವಾರ

ಈ ಸಲ ಒಂದು ದಪ್ಪ ಹೋಳನ್ನು ಅರೆಬೆಂದದ್ದೇ ಒಳಗೆ ಹುದುಗಿಸಿಟ್ಟೆ. ಬೇಕೆಂದೇ. ಮುಚ್ಚಿ ಸ್ನಾನಕ್ಕೆ ಹೋದೆ.

ಊಟದಲ್ಲಿ ಯಾರ ಹಲ್ಲಿಗೂ ಅದು ಸಿಗಲಿಲ್ಲ. "ಬೆಣ್ಣೆ ಥರ ಇದೆ ಅತ್ತೆ" ಎಂದಳು ಸೊಸೆ. ನಾನು ತಳದವರೆಗೆ ಚಮಚ ಆಡಿಸಿದೆ. ಹೋಳು ಇಲ್ಲ.

ಸೊಸೆಯೇ. ಇನ್ನಾರು? ಮದುವೆಯಾಗಿ ಬಂದ ದಿನದಿಂದ ನನ್ನ ಪಾತ್ರೆಯ ಮೇಲೆ ಕಣ್ಣು.

ಫೆಬ್ರವರಿ 23, ಭಾನುವಾರ

ಬಚ್ಚಲಲ್ಲಿ ನಲ್ಲಿ ಬಿಟ್ಟು, ಬಾಗಿಲು ಮುಂದೆ ಮಾಡಿ, ಬರಿಗಾಲಲ್ಲಿ ಅಡುಗೆಮನೆಗೆ ಬಂದೆ.

ಇವರು. ಮದುವೆಯಾದ ನಲವತ್ತೊಂದು ವರ್ಷದಲ್ಲಿ ತಮ್ಮ ಲೋಟ ತಾವು ತೊಳೆಯದ ಮನುಷ್ಯ. ಅಂಗಿಯ ತೋಳು ಮಡಚಿ, ನನ್ನ ಆಲೂಗಡ್ಡೆಯನ್ನು ಪೇಪರಿಗೆ ಬಳಿಯುತ್ತಿದ್ದರು. ಪಕ್ಕದಲ್ಲಿ ಕೆಳಮನೆಯ ಟೈಲರ್ ಹೆಂಡತಿಯ ಅಲ್ಯೂಮಿನಿಯಂ ಪಾತ್ರೆ, ಹಬೆಯಾಡುತ್ತಾ.

"ಸ್ನಾನ ಆಯ್ತಾ?" ಎಂದರು. ನಲ್ಲಿ ಸುರಿಯುವ ಸದ್ದು ಅಲ್ಲಿವರೆಗೂ ಕೇಳುತ್ತಿತ್ತು!

"ಏನ್ರೀ ಇದು?"

"ಅದು... ಇವಳೇ, ಸ್ವಲ್ಪ ಕೂತ್ಕೋ."

ಮಗ, ಸೊಸೆ ಓಡಿ ಬಂದರು. ಸೊಸೆ, "ಅತ್ತೆ, ಮಾವನ್ನ ಬೈಬೇಡಿ. ನಾನೇ ಹೇಳಿದ್ದು, ನಿಮ್ಮ ಮನಸ್ಸು ನೋಯ್ಬಾರ್ದು ಅಂತ."

"ಏನು ನೋಯ್ಬಾರ್ದು?"

ಮಗ ನೆಲ ನೋಡಿದ. "ಉಪ್ಪು ಜಾಸ್ತಿ ಅಮ್ಮ. ಜ್ವರ ಬಂದು ಹೋದಾಗಿನಿಂದ ನಿನ್ನ ನಾಲಿಗೆಗೆ ಗೊತ್ತಾಗ್ತಿಲ್ಲ. ಬಾಯಿಗಿಡಕ್ಕೆ ಆಗಲ್ಲ."

"ಎಷ್ಟು ದಿನದಿಂದ ಈ ನಾಟಕ?"

"ಇದು ಏಳನೇ ಭಾನುವಾರ," ಎಂದ.

ಇವರು ಪೇಪರ್ ಓದಲು ಟೈಲರ್ ಮನೆಗೆ ಎಂದು ಪ್ರತಿ ಭಾನುವಾರ ಇಳಿದು ಹೋಗುತ್ತಿದ್ದರು. ಅಲ್ಲಿ ಕೂತು ಸುಲಿಯುತ್ತಿದ್ದರಂತೆ. ಬೀದಿಗೆಲ್ಲ ಗೊತ್ತಿರಬೇಕು. ನಾನೊಬ್ಬಳೇ ಪೆದ್ದಿ. "ನಿನ್ನ ಕೈಗೆ ನಿನ್ನ ಕೈನೇ ಸಾಟಿ" ಎಂದನಲ್ಲ ಮಗ — ಯಾರ ಕೈ?

"ತಣ್ಣೀರಲ್ಲೇ ಇಟ್ಟೆ ಕಣೇ. ನೀನು ಮಾಡೋ ಥರಾನೇ," ಎಂದರು ಇವರು. ಅದೊಂದು ಸಮಾಧಾನ!

ಫೆಬ್ರವರಿ 24

ಕಸದ ಡಬ್ಬ ನೋಡುವವರೆಗೆ ಐದು ಭಾನುವಾರ ನಾನೂ ಅದನ್ನೇ ತಿಂದೆ. ನನ್ನದೇ ಎಂದುಕೊಂಡು ತಿಂದೆ. ಮನೆಯವರು ಹೋಗಲಿ, ನನ್ನ ನಾಲಿಗೆಯೂ ಅವರ ಕಡೆ ಸೇರಿಕೊಂಡಿತು.

ಮಾರ್ಚ್ 4

ಎಂಟು ದಿನ ಬರೆಯಲಿಲ್ಲ. ಮಾತೂ ಆಡಲಿಲ್ಲ. ಮೊನ್ನೆ ಭಾನುವಾರ ಒಲೆ ಹತ್ತಿರ ಹೋಗಲಿಲ್ಲ. ಡಾಕ್ಟರ್ ಹತ್ತಿರ ಹೋಗಿದ್ದೆ, ಒಬ್ಬಳೇ. ರುಚಿ ವಾಪಸ್ ಬರಬಹುದು, ಬರದೆಯೂ ಇರಬಹುದು ಎಂದರು. ಇಷ್ಟು ಹೇಳುವುದಕ್ಕೆ ಅಷ್ಟು ಓದಬೇಕೆ?

ಇವತ್ತು ಬೆಳಿಗ್ಗೆ ಇವರು ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. "ತಪ್ಪಾಯ್ತು ಕಣೇ."

ಉಪ್ಪು ಹೆಚ್ಚಾದದ್ದಕ್ಕೆ ನನಗೆ ಬೇಜಾರಿಲ್ಲ, ಮೊದಲನೇ ದಿನವೇ ಮುಖಕ್ಕೆ ಹೇಳಿದ್ದರೆ ಮುಗಿದುಹೋಗುತ್ತಿತ್ತು ಎಂದೆ. ನನ್ನನ್ನೇನು ತೊಟ್ಟಿಲ ಮಗು ಅಂದುಕೊಂಡಿರಾ? ಕೊನೆಗೆ ಒಪ್ಪಂದವಾಯಿತು. ಸುಲಿಯುವುದು, ಬೇಯಿಸುವುದು, ಹಿಸುಕುವುದು ನನ್ನ ಕೈ. ಉಪ್ಪಿಗೆ ಇವರ ನಾಲಿಗೆ. ಇದ್ದದ್ದು ಇದ್ದ ಹಾಗೆ ಹೇಳಬೇಕು. ನನ್ನ ಮುಖ ನೋಡಿ ಹೇಳಬಾರದು. ಮಗ, ಸೊಸೆಯನ್ನೂ ಕರೆದು ಹೇಳಿದೆ. ಮೂವರೂ ತಲೆಯಾಡಿಸಿದರು.

ಮಾರ್ಚ್ 9, ಭಾನುವಾರ

ಎಂಟು ಆಲೂಗಡ್ಡೆ. ಇವರನ್ನು ಸ್ಟೂಲ್ ಹಾಕಿ ಎದುರಿಗೆ ಕೂರಿಸಿಕೊಂಡು ಎರಡು ಸುಲಿಸಿದೆ. "ಸಿಪ್ಪೆ ಸುಲೀರಿ ಅಂದ್ರೆ ಆಲೂಗಡ್ಡೆನೇ ಸುಲೀತಿದ್ದೀರಲ್ಲ!" ನಕ್ಕರು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಬೇಯಿಸಿ, ಬಸಿದು, ಹಬೆ ಆರಿಸಿ, ಹಿಸುಕಿದೆ. ಬೆಣ್ಣೆ, ಹಾಲು, ಮೆಣಸು. ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಬೇಯುವ ನೀರಿಗೂ ಹಾಕಿರಲಿಲ್ಲ. ಬೇಕೆಂದೇ.

ಒಂದು ಚಮಚ ಕೊಟ್ಟೆ. ಕಣ್ಣು ಮುಚ್ಚಿ ಚಪ್ಪರಿಸಿದರು.

"ಉಪ್ಪು?"

ಕಣ್ಣು ತೆರೆದು ನನ್ನ ಮುಖ ನೋಡಿದರು. "ಹದವಾಗಿದೆ ಕಣೇ. ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ."

ಎಲ್ಲರನ್ನೂ ಊಟಕ್ಕೆ ಕರೆದೆ. ಉಪ್ಪಿನ ಡಬ್ಬಿಯನ್ನು ಮೇಜಿನ ಮಧ್ಯದಲ್ಲೇ ಇಟ್ಟೆ, ಮುಚ್ಚಳ ತೆಗೆದು. ಬಡಿಸಿದೆ. ಮಗ ತಿಂದ. ಸೊಸೆ ತಿಂದಳು. ಒಬ್ಬರ ಕೈಯೂ ಡಬ್ಬಿಯ ಕಡೆ ಹೋಗಲಿಲ್ಲ. ನಾನು ಮೂವರ ಮುಖವನ್ನೂ ನೋಡುತ್ತಾ ಕೂತೆ. ಮಗ ತಟ್ಟೆ ಮುಂದೆ ಚಾಚಿ, "ಇನ್ನೊಂಚೂರು ಹಾಕಮ್ಮ, ನಿನ್ನ ಕೈಗೆ..." ಅಂದ. ಸೌಟು ಎತ್ತಿದೆ, ಆಮೇಲೆ ಕೆಳಗಿಟ್ಟು, ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದೆ.