ನೀರಿನಲ್ಲೂ ಕಬ್ಬಿಣ

ಮಾರ್ಚ್ 3, ಶುಕ್ರವಾರ

ಎಂದಿನಂತೆ ಕಾಫಿ ಇಲ್ಲ, ಪೇಸ್ಟ್ ಇಲ್ಲ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೊರಟೆ. "ಬಿಯರ್‌ಗಿರೋ ಮರ್ಯಾದೆ ಕಟ್ಕೊಂಡ ಗಂಡನಿಗಿಲ್ಲ" ಎಂದರು ಇವರು, ಮೂಗು ಮುಚ್ಚಿಕೊಂಡು. ಏನು ಮಾಡಲಿ, ಬಿಯರ್ ರುಚಿ ನೋಡುವ ಕೆಲಸ, ಸಂಬಳ ಬರುವುದು ನಾಲಿಗೆಗೆ.

ಸಂಜೆ ಗಿರಾಕಿಗಳ ಟೇಸ್ಟಿಂಗ್. ಹೊಸ ಬಿಯರ್ ಕುಡಿದು ಡೆಂಟಿಸ್ಟ್ "ಮಾವಿನಹಣ್ಣು" ಎಂದರು. ಗಣಿತದ ಮೇಷ್ಟ್ರು "ಸೋಪು" ಎಂದರು. ಅರ್ಧ ಗಂಟೆ ಜಗಳ. ಬಿಯರಿಗೆ ಹಾಕುವ ಹಾಪ್ಸ್ ಹೂವೇ ಹಾಗೆ — ಒಬ್ಬರ ಮೂಗಿಗೆ ಹಣ್ಣಿನ ಅಂಗಡಿ, ಇನ್ನೊಬ್ಬರದ್ದಕ್ಕೆ ಬಚ್ಚಲುಮನೆ. ವೈನ್‌ನವರ ಹಾಗೆ ಉಗುಳಬಾರದೇ ಎಂದು ಹೊಸಬಳೊಬ್ಬಳು ಕೇಳಿದಳು. ಕೂಡದು! ಬಿಯರಿನ ಕಹಿ ತಿಳಿಯುವುದು ಗಂಟಲಿಗೆ ಇಳಿದ ಮೇಲೆ. ನುಂಗದೆ ಅಭಿಪ್ರಾಯ ಹೇಳುವವರನ್ನು ನಾನು ನಂಬುವುದಿಲ್ಲ ಎಂದು ದೊಡ್ಡ ಭಾಷಣ ಬಿಗಿದೆ. ಚಪ್ಪಾಳೆ ಬೇರೆ.

ಕೊನೆಗೆ ಮೀಸೆಯ ಕಪ್ಪು ಬಿಯರ್. ಮೀಸೆ ಅಂದರೆ ನಮ್ಮಲ್ಲಿ ಬಿಯರ್ ತಯಾರಿಸುವ ಬ್ರೂವರ್ — ಮುಖಕ್ಕಿಂತ ಮೀಸೆಯೇ ದೊಡ್ಡದು. ಎರಡು ತಿಂಗಳಿಂದ ಟ್ಯಾಂಕ್ ಬಿಟ್ಟು ಕದಲಿಲ್ಲ. ಒಂದು ಗುಟುಕು ಕುಡಿದೆ... ಕಬ್ಬಿಣ. ತುಕ್ಕು ಹಿಡಿದ ಬೀಗದ ಕೈ ಚೀಪಿದ ಹಾಗೆ. ಬೆಚ್ಚಿಬಿದ್ದೆ. ಉಳಿದವರೆಲ್ಲ ಚಪ್ಪರಿಸುತ್ತಿದ್ದಾರೆ!

ಮಾರ್ಚ್ 7, ಮಂಗಳವಾರ

"ಖಂಡಿತ ತಾನೇ?" ಕಂಪನಿಯ ಯಜಮಾನರು ಕೇಳಿದರು. "ನನ್ನ ನಾಲಿಗೆ ಯಾವತ್ತಾದ್ರೂ ಮೋಸ ಮಾಡಿದೆಯಾ ಸಾರ್?" ಎಂದೆ.

ಮೀಸೆ ಗೋಗರೆದ. "ಮೇಡಂ, ದಮ್ಮಯ್ಯ, ಇನ್ನೊಂದ್ಸಲ ಕುಡಿದು ನೋಡಿ." ಕುಡಿದೆ. ಅದೇ ಕಬ್ಬಿಣ. ಟ್ಯಾಂಕಿಗೆ ಟ್ಯಾಂಕೇ ಚರಂಡಿಗೆ. ಅವನು ಕ್ರೇಟ್ ಬೋರಲು ಹಾಕಿಕೊಂಡು ಕೂತುಬಿಟ್ಟ, ಬೂಟಿನ ಸುತ್ತ ನೊರೆ. ಮೊದಲು ಪೈಪು ನೋಡು ಹೋಗು ಎಂದೆ. ಪಾಪ ಅನ್ನಿಸಿತು, ನಿಜ. ಆದರೆ ಕೆಟ್ಟದ್ದನ್ನು ಚೆನ್ನಾಗಿದೆ ಅನ್ನಲು ನನ್ನಿಂದ ಆಗದು.

ಮಾರ್ಚ್ 10, ಶುಕ್ರವಾರ

ಗೋಧಿ ಬಿಯರ್‌ನಲ್ಲೂ ಕಬ್ಬಿಣ. ಡೆಂಟಿಸ್ಟರ ಮಾವಿನಹಣ್ಣಿನಲ್ಲೂ. ಇದೇನು ಗ್ರಹಚಾರ! ಪೈಪು, ವಾಲ್ವು ಎಲ್ಲ ಬಿಚ್ಚಿಸಿದೆ. ಎಲ್ಲ ಸ್ಟೀಲು, ಫಳಫಳ ಹೊಳೆಯುತ್ತಿದೆ. ತುಕ್ಕಿನ ಸುಳಿವೂ ಇಲ್ಲ. ಯಜಮಾನರು ಮಾತು ಬಿಟ್ಟಿದ್ದಾರೆ.

ಮಾರ್ಚ್ 14, ಮಂಗಳವಾರ, ಮಧ್ಯಾಹ್ನ

ಇವತ್ತಿನದನ್ನು ಬರೆಯಲೇಬೇಕು.

ಮೀಸೆ ನನ್ನೆದುರು ಮೂರು ಕಪ್ಪು ಲೋಟ ಇಟ್ಟ. ಎರಡರಲ್ಲಿ ನಮ್ಮ ಬಿಯರ್, ಒಂದರಲ್ಲಿ ಬೇರೆ ಕಂಪನಿಯದು. ಬೇರೆ ಯಾವುದು, ಹೇಳಬೇಕು. ನಾನೇ ತಂದ ಪರೀಕ್ಷೆ. ಎಷ್ಟು ಜನರನ್ನು ಇದರಲ್ಲಿ ಫೇಲ್ ಮಾಡಿ ಮನೆಗೆ ಕಳಿಸಿಲ್ಲ!

ಕುಡಿದೆ. ಮತ್ತೆ ಕುಡಿದೆ. ಮೂರೂ ಕಬ್ಬಿಣ. "ಗೊತ್ತಾಗ್ತಿಲ್ಲ" ಎಂದೆ. ಈ ಕೋಣೆಯಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ.

ಅವನು ಬಾಟಲಿಯ ನೀರು ಬಗ್ಗಿಸಿ ಕೊಟ್ಟ. ಕಬ್ಬಿಣ.

"ಮೇಡಂ... ನೀರಲ್ಲೂ ಇದ್ಯಾ?"

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಹೆದರಿಕೆ ಇತ್ತು, ನನಗಾಗಿ. ಅಂದರೆ ಆ ಟ್ಯಾಂಕಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ನಾನು. ಹದಿನೇಳು ವರ್ಷ ಅನ್ನ ಕೊಟ್ಟ ನಾಲಿಗೆ ಹೋಯಿತು. ನನಗೆ ಬೇರೆ ಕೆಲಸವೂ ಬರುವುದಿಲ್ಲ.

ಅದೇ ದಿನ, ಸಂಜೆ

ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು ನರ್ಸು, ಅಳುವವರನ್ನು ಕಂಡರೆ ಪ್ರಶ್ನೆ ಶುರು. ಜ್ವರ? ಇಲ್ಲ. ಮಾತ್ರೆ? ಇಲ್ಲ. "ತಿಂಗಳಿಂದು ಯಾವಾಗ ಆಯ್ತೇ?"

ಅಳುವಿನ ಮಧ್ಯೆ ನಗು ಬಂತು. ನಲವತ್ತಮೂರಾಯಿತು, ಅಂಗಡಿ ಮುಚ್ಚುವ ಕಾಲ ಬಂತು ಎಂದುಕೊಂಡು ಸುಮ್ಮನಿದ್ದೆ. ಮಕ್ಕಳ ಮಾತು ಈ ಮನೆಯಲ್ಲಿ ನಿಂತು ಯಾವ ಕಾಲವಾಯಿತೋ. ಡಾಕ್ಟರುಗಳೇ ಕೈಚೆಲ್ಲಿದ್ದರು.

ಅಕ್ಕ ಫೋನ್ ಇಟ್ಟವಳು ನೇರ ಮನೆಗೇ ಬಂದಳು, ಕೈಯಲ್ಲಿ ಟೆಸ್ಟ್ ಕಿಟ್. ಎರಡು ಗೆರೆ. ಸುಳ್ಳಿರಬೇಕು ಎಂದು ಇನ್ನೊಂದು ಮಾಡಿದೆ. ಎರಡು ಗೆರೆ. "ಬಾಯಿಗೆ ಕಬ್ಬಿಣದ ರುಚಿ ಬರೋದು ಇದಕ್ಕೇ ಕಣೇ ಪೆದ್ದಿ!" ಅಕ್ಕ ನಗುತ್ತಾಳೆ, ಅಳುತ್ತಾಳೆ, ನನ್ನನ್ನು ಹಿಡಿದು ಅಲ್ಲಾಡಿಸುತ್ತಾಳೆ. ನನ್ನ ತಲೆಯಲ್ಲಿ ಒಂದೇ ಮಾತು.

ಉಗುಳಿಲ್ಲ. ಒಂದು ದಿನವೂ ಉಗುಳಿಲ್ಲ. ಎಲ್ಲ ನುಂಗಿದ್ದೇನೆ.

ಮಾರ್ಚ್ 15, ಬುಧವಾರ

"ಇವತ್ತಿನಿಂದ ಒಂದು ಹನೀನೂ ಬೇಡ" ಎಂದರು ಡಾಕ್ಟರಮ್ಮ. ಇಲ್ಲಿಯವರೆಗಿನದು? "ಏನೂ ಆಗಿಲ್ಲ ಅಂತ ಮಾತು ಕೊಡೋಕಾಗಲ್ಲ. ಆಗಿದೆ ಅಂತಲೂ ಹೇಳಲ್ಲ. ಮುಂದಿನ ತಿಂಗಳು ಸ್ಕ್ಯಾನ್ ಮಾಡಿ ನೋಡೋಣ."

ಇವರು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು. ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 27, ಸೋಮವಾರ

ರಜೆಯಲ್ಲಿದ್ದೇನೆ. ಇವತ್ತು ಧೈರ್ಯ ಮಾಡಿ ಮೀಸೆಗೆ ಫೋನ್ ಮಾಡಿದೆ. ಎಲ್ಲ ಹೇಳಿ ಕ್ಷಮೆ ಕೇಳಿದೆ. ಆ ಕಡೆಯಿಂದ —

"ಅಂದ್ರೆ ನನ್ನ ಬಿಯರ್ ಚೆನ್ನಾಗಿತ್ತು!"

ಆಮೇಲೆ ಹೊಳೆಯಿತೇನೋ — "ಅಯ್ಯೋ, ಕಂಗ್ರಾಟ್ಸ್ ಮೇಡಂ!"

ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ನಕ್ಕೆ. ತಕ್ಷಣ ಹೆದರಿ ಹೊಟ್ಟೆ ಹಿಡಿದುಕೊಂಡೆ.

ಬೆಳಗ್ಗೆ ಎದ್ದೊಡನೆ ಮೊದಲ ಕೆಲಸ, ಒಂದು ಲೋಟ ನೀರು. ಕಬ್ಬಿಣ. ಸದ್ಯ, ಇದೆ. ಮಗು ಇದೆ. ಆಮೇಲೆ ದಿನ ಶುರು. ಅಕ್ಕ ಬೈಯುತ್ತಾಳೆ, ಅದನ್ನೆಲ್ಲ ನಂಬಬೇಡ ಅಂತ. ಮತ್ತೆ ಯಾರನ್ನು ನಂಬಲಿ? ನಾಲಿಗೆ ಸುಳ್ಳು ಹೇಳಿರಲಿಲ್ಲ, ಅರ್ಥ ಮಾಡಿಕೊಳ್ಳದವಳು ನಾನು. ಅಷ್ಟು ಅಸಹ್ಯವಾಗಿದ್ದ ರುಚಿ ಈಗ ಬೇಕು ಬೇಕು ಅನ್ನಿಸುತ್ತದೆ.

ಏಪ್ರಿಲ್ 11, ಮಂಗಳವಾರ

ಸ್ಕ್ಯಾನ್ ರೂಮಿನ ಹೊರಗೆ. ಅವಸರದಲ್ಲಿ ಬೆಳಗ್ಗೆ ನೀರು ಕುಡಿದಿರಲಿಲ್ಲ. ಮೂರು ಲೋಟ ಕುಡಿಯಿರಿ, ಮೂತ್ರಕೋಶ ತುಂಬಬೇಕು ಎಂದರು.

ಮೊದಲನೆಯದು ಕುಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಇನ್ನೊಂದು ಗುಟುಕು. ನೀರು. ಬರೀ ನೀರು.

ಹಾಗಾದರೆ ಮಗು?

ಮೂಲೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. "ಮೂರು ತಿಂಗಳು ತುಂಬ್ತಿದ್ದ ಹಾಗೆ ತುಂಬಾ ಜನಕ್ಕೆ ಬಾಯಿರುಚಿ ಸರಿಹೋಗುತ್ತೆ ಕಣೇ. ಗಾಬರಿಯಾಗ್ಬೇಡ." ಹಾಗೇ ಇರಬಹುದು. ಆದರೆ ಅದು ಅವಳು ರೋಗಿಗಳ ಹತ್ತಿರ ಮಾತಾಡುವ ದನಿ.

ಎರಡನೆಯ ಲೋಟ. ನೀರು.

"ಯಾಕೆ, ಏನಾಯ್ತು?" ಇವರು ಕೇಳುತ್ತಿದ್ದಾರೆ. ಏನಿಲ್ಲ ಎಂದೆ. ಏನೆಂದು ಹೇಳಲಿ? ನೀರು ಚೆನ್ನಾಗಿದೆ ಅಂತಲೇ?

ಮೂರನೆಯದು ಕೈಯಲ್ಲಿದೆ. ಎರಡು ಒಂದೇ, ಒಂದು ಬೇರೆ — ಹಾಗಲ್ಲವೇ ನಮ್ಮ ಮೂರು ಲೋಟದ ಪರೀಕ್ಷೆಯ ನಿಯಮ. ಇದಾದರೂ ಬೇರೆ ಇರಲಿ. ಅರ್ಧ ಕುಡಿದೆ. ಬಾಯಲ್ಲೇ ಇಟ್ಟುಕೊಂಡು ನೋಡಿದೆ, ನುಂಗಿ ನೋಡಿದೆ...

ನನ್ನ ಹೆಸರು ಕರೆದರು. ಇವರು ಎದ್ದು ನಿಂತಿದ್ದಾರೆ. ಇನ್ನೂ ಅರ್ಧ ಲೋಟ ಇದೆ, ತಡೆಯಿರಿ, ಇದೊಂದು ಗುಟುಕು